ಕಾರವಾರದಿಂದ ಬೆಂಗಳೂರಿಗೆ ಒಂದೇ ಹಗಲಿನಲ್ಲಿ ಕಾರು ಓಡಿಸುವವರಿಗೆ

ಕಾರವಾರದಿಂದ ಬೆಂಗಳೂರಿಗೆ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿಯ ಮೇಲಿನಿಂದ ಹೋದರೂ, ಕುಮಟಾ, ಶಿರಸಿ, ಹಾವೇರಿಯ ದಾರಿ ಹಿಡಿದರೂ ಐನೂರು ಕಿಲೋಮೀಟರಿಗೆ ಕಡಿಮೆಯಾಗುವುದಿಲ್ಲ. ಒಟ್ಟು ದೂರವನ್ನು ಗಂಟೆಗೆ ಎಂಬತ್ತರಂತೆ ಭಾಗಿಸಿ, ಏಳು ತಾಸು ಸಾಕೆಂದು ಹೊರಡುವವರ ಲೆಕ್ಕ ತಪ್ಪುವುದು ಘಟ್ಟದಲ್ಲಿ. ಅಂಕೋಲಾದಿಂದ ಅರಬೈಲು ಘಟ್ಟವನ್ನು ಹತ್ತಿ ಹುಬ್ಬಳ್ಳಿ ಸೇರುವುದಕ್ಕೆ ಲಾರಿಗಳ ಸಾಲು ಸಿಕ್ಕಿದ ದಿನ ಮೂರು ತಾಸಿಗೂ ಹೆಚ್ಚು ಬೇಕಾಗುತ್ತದೆ. ಕೊನೆಯಲ್ಲಿ ನೆಲಮಂಗಲದಿಂದ ಊರೊಳಗಿನ ಮನೆಯ ಬಾಗಿಲಿಗೆ ಇನ್ನೂ ಒಂದೂವರೆ ತಾಸನ್ನು ಇಟ್ಟುಕೊಳ್ಳಬೇಕು. ಊಟ, ವಿಶ್ರಾಂತಿ ಸೇರಿ ಹನ್ನೆರಡರಿಂದ ಹದಿಮೂರು ತಾಸಿನ ದಿನವೆಂದು ಮೊದಲೇ ಒಪ್ಪಿಕೊಂಡವನಿಗೆ ದಾರಿಯಲ್ಲಿ ಅವಸರ ಹುಟ್ಟುವುದಿಲ್ಲ.

ಗಾಡಿಯ ತಪಾಸಣೆಯನ್ನು ಹೊರಡುವ ಹಿಂದಿನ ರಾತ್ರಿಗೆ ಬಿಡದೆ ಎರಡು ದಿನ ಮುಂಚೆಯೇ ಮಾಡಿಸುವುದು ಒಳ್ಳೆಯದು, ಏಕೆಂದರೆ ದೋಷ ಕಂಡರೆ ಸರಿಪಡಿಸಲು ಗ್ಯಾರೇಜು ತೆರೆದಿರಬೇಕು. ಚಕ್ರದ ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ, ತುಂಬಿದ ಕಾರಿಗೆ ಅಲ್ಲಿ ಬೇರೆ ಅಂಕಿಯೇ ಇರುತ್ತದೆ. ಸ್ಟೆಪ್ನಿಯ ಗಾಳಿಯನ್ನು ನೋಡುವವರು ಕಡಿಮೆ, ಅದು ಬೇಕಾಗುವುದು ಮಾತ್ರ ಕತ್ತಲೆಯ ತಿರುವಿನಲ್ಲಿಯೇ. ಬ್ರೇಕು, ಕೂಲೆಂಟು, ದೀಪ ಮತ್ತು ವೈಪರಿನ ರಬ್ಬರನ್ನೂ ನೋಡಿಸಿಕೊಳ್ಳಬೇಕು. ಘಟ್ಟದಲ್ಲಿ ಮೊಬೈಲಿನ ಸಿಗ್ನಲ್ ಬಹಳ ಕಡೆ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಳ್ಳಬೇಕು. ಹೆದ್ದಾರಿಯ ಸಹಾಯವಾಣಿ 1033 ಮತ್ತು ತುರ್ತು ಸಂಖ್ಯೆ 112 ಜೊತೆಗೆ ಕುಳಿತವರಿಗೂ ತಿಳಿದಿರಲಿ.

ಗಾಡಿಗಿಂತ ಮೊದಲು ದಣಿಯುವುದು ಮನುಷ್ಯ. ನಸುಕಿನ ಎರಡರಿಂದ ಐದರವರೆಗೆ ಮತ್ತು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದೇಹವು ತಾನಾಗಿಯೇ ನಿದ್ರೆಯ ಕಡೆಗೆ ವಾಲುತ್ತದೆ. ಹದಿನೇಳು ತಾಸು ಎಚ್ಚರವಿದ್ದವನ ಕೈಕಣ್ಣಿನ ಚುರುಕು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದು ತೋರಿಸಿತು; ನಮ್ಮ ಕಾನೂನು ಚಾಲಕನಿಗೆ ಒಪ್ಪುವ ಮಿತಿ 30 ಮಿಲಿಗ್ರಾಂ. ಆದ್ದರಿಂದ ಹಿಂದಿನ ರಾತ್ರಿ ಒಂಬತ್ತಕ್ಕೆ ಮಲಗಿ ನಾಲ್ಕೂವರೆಗೆ ಎದ್ದು ಐದೂವರೆಗೆ ಹೊರಡುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಬೆಳಕು ಹರಿಯುವ ಹೊತ್ತಿಗೆ ಅರಬೈಲು ಸಿಗುತ್ತದೆ, ಮೈಯೂ ಹೊಸತಾಗಿರುತ್ತದೆ. ಯಲ್ಲಾಪುರ ದಾಟಿದ ಮೇಲೆ ಎಳೆಬಿಸಿಲು ಎದುರಿನಿಂದ ಕಣ್ಣಿಗೆ ಹೊಡೆಯುತ್ತದೆಯಾದ್ದರಿಂದ ಗಾಜನ್ನು ಒಳಗಿನಿಂದಲೂ ಒರೆಸಿಟ್ಟಿರಬೇಕು. ಕರಾವಳಿಯ ತೇವಕ್ಕೆ ಅದರ ಮೇಲೆ ತೆಳುವಾದ ಮಬ್ಬು ಕಟ್ಟಿರುತ್ತದೆ.

ಹುಬ್ಬಳ್ಳಿಯ ಆಚೆ ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರುಗಳನ್ನು ದಾಟಿ ಸಾಗುತ್ತದೆ. ಇಲ್ಲಿ ವೇಗ ಹೆಚ್ಚಿಸಿ ಸಮಯ ಗಳಿಸುತ್ತೇನೆಂಬುದು ಬಹುಮಟ್ಟಿಗೆ ಭ್ರಮೆ. ನಾನೂರು ಕಿಲೋಮೀಟರನ್ನು ಎಂಬತ್ತೈದರಲ್ಲಿ ಹೋಗುವವನಿಗೂ ನೂರರಲ್ಲಿ ಹೋಗುವವನಿಗೂ ಇರುವ ವ್ಯತ್ಯಾಸ ನಲವತ್ತೆರಡು ನಿಮಿಷ. ಒಂದು ನಿಧಾನದ ಹೋಟೆಲು ಅದನ್ನು ನುಂಗಿಬಿಡುತ್ತದೆ. ಇದಕ್ಕೆ ಬದಲಾಗಿ ಪ್ರತಿ ಎರಡು ತಾಸಿಗೊಮ್ಮೆ ಹತ್ತು ನಿಮಿಷ ಇಳಿದು ನಡೆಯಬೇಕು. ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಯುತ್ತಿದ್ದರೆ ನಿಲ್ಲಿಸುವ ನೆನಪನ್ನು ದೇಹವೇ ಮಾಡಿಕೊಡುತ್ತದೆ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಶಿರಸಿ ಸೀಮೆಯ ನೆಂಟರ ಮನೆಯಲ್ಲಿ ಮಧ್ಯಾಹ್ನದ ಎಲೆಗೆ ಕುಳಿತು ಎರಡು ಲೋಟ ಅಪ್ಪೆಹುಳಿ ಕುಡಿದವನು ಸ್ಟೇರಿಂಗ್ ಹಿಡಿಯುವುದಕ್ಕಿಂತ ಕಂಬಳಿ ಹಿಡಿಯುವುದು ಕ್ಷೇಮ. ಅಪ್ಪೆಹುಳಿ ನಿದ್ರೆ ತರಿಸುತ್ತದೆಂಬ ಮಾತು ಮನೆಮನೆಯಲ್ಲಿದೆ. ಹುಳಿಯ ಗುಣವೋ ಅದಕ್ಕೆ ಮೊದಲು ಉಂಡ ಅನ್ನದ ಗುಣವೋ, ಫಲ ಮಾತ್ರ ಒಂದೇ. ದಾವಣಗೆರೆಯ ಬೆಣ್ಣೆದೋಸೆಯನ್ನೂ ಚಾಲಕನು ಒಂದಕ್ಕೆ ನಿಲ್ಲಿಸಬೇಕು. ಅರ್ಧ ಹೊಟ್ಟೆಯ ಊಟವನ್ನು ಎರಡು ಸಲ ಮಾಡುವುದು ಮೇಲು.

ದಾಟಿಬಂದ ಊರು ನೆನಪಾಗದಿದ್ದರೆ, ಗಾಡಿ ಲೇನಿನ ಗೆರೆಯನ್ನು ಮುಟ್ಟಿದರೆ, ಕತ್ತು ಒಮ್ಮೆ ವಾಲಿದರೆ ನಿದ್ರೆ ಆಗಲೇ ಬಂದಿದೆಯೆಂದು ತಿಳಿಯಬೇಕು. ನೂರರ ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ನೂರಹತ್ತು ಮೀಟರು ಯಜಮಾನನಿಲ್ಲದೆ ಓಡಿರುತ್ತದೆ. ಕಿಟಕಿ ತೆರೆಯುವುದಾಗಲಿ, ಹಾಡಿನ ಶಬ್ದ ಹೆಚ್ಚಿಸುವುದಾಗಲಿ ಇದಕ್ಕೆ ಔಷಧವಲ್ಲ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸದೆ ಪೆಟ್ರೋಲ್ ಬಂಕನ್ನು ಸೇರಿ, ಒಂದು ಕಾಫಿ ಕುಡಿದು ತಕ್ಷಣವೇ ಇಪ್ಪತ್ತು ನಿಮಿಷ ಮಲಗಬೇಕು. ಏಳುವ ಹೊತ್ತಿಗೆ ಕಾಫಿಯ ಪರಿಣಾಮವೂ ಏರತೊಡಗುತ್ತದೆ. ಇಬ್ಬರು ಚಾಲಕರಿದ್ದರೆ ಎರಡು ತಾಸಿಗೊಮ್ಮೆ ಕೈಬದಲಾಯಿಸಿ, ಬಿಡುವಿನಲ್ಲಿರುವವನು ಹರಟದೆ ಮಲಗಲಿ.

ಮರಳುವ ದಿನದ ಯೋಜನೆ ಬೇರೆಯೇ ಆಗಿರಬೇಕು. ಹೋಗುವಾಗ ಹೊಸ ಮೈಯಲ್ಲಿ ಹತ್ತಿದ ಘಟ್ಟವು ಬರುವಾಗ ದಣಿದ ಮೈಯಲ್ಲಿ, ಅದೂ ಇಳಿಜಾರಾಗಿ, ಎದುರಾಗುತ್ತದೆ. ಬೆಂಗಳೂರನ್ನು ಐದಕ್ಕೆ ಬಿಟ್ಟರೆ ಮಧ್ಯಾಹ್ನದ ತೂಕಡಿಕೆಯ ಹೊತ್ತಿಗೆ ಯಲ್ಲಾಪುರ ಸಿಗುತ್ತದೆ. ಅಲ್ಲಿ ಸ್ವಲ್ಪ ಮಲಗಿಯೇ ಇಳಿಯಬೇಕು. ಕೆಲಸ ಮುಗಿಸಿ ಹತ್ತಕ್ಕೆ ಹೊರಟವನಿಗೆ ಅರಬೈಲು ಕತ್ತಲೆಯಲ್ಲಿಯೇ ಬರುವುದರಿಂದ ಆತನು ಹುಬ್ಬಳ್ಳಿಯಲ್ಲಿ ರಾತ್ರಿ ತಂಗುವುದು ಲೇಸು. ಇಳಿಯುವಾಗ ಹತ್ತಲು ಬೇಕಾಗುವ ಗೇರಿನಲ್ಲಿಯೇ, ಅಂದರೆ ಎರಡು ಅಥವಾ ಮೂರರಲ್ಲಿ, ಎಂಜಿನ್ ಗಾಡಿಯನ್ನು ಹಿಡಿಯುವಂತೆ ಬಿಡಬೇಕು. ಬ್ರೇಕನ್ನು ಒತ್ತಿಯೇ ಇಟ್ಟರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ತಾನಾಗಿ ಆರಲು ಬಿಡಬೇಕು, ನೀರು ಸುರಿಯಬಾರದು. ಕಿರಿದಾದ ಕಡೆ ಹತ್ತಿಬರುವ ವಾಹನಕ್ಕೆ ದಾರಿ ಬಿಡುವುದು ನಿಯಮ.

ಮಳೆಗಾಲದ ಮಾತೇ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಬಿದ್ದದ್ದು ಹೆದ್ದಾರಿ 66ರ ಮೇಲೆಯೇ, ಕಾರವಾರದಿಂದ ಕುಮಟೆಗೆ ಹೋಗುವ ದಾರಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೊರಡುವ ಹಿಂದಿನ ಸಂಜೆ ಅರಬೈಲು ಮತ್ತು ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟಗಳಲ್ಲಿ ಯಾವುದು ತೆರೆದಿದೆಯೆಂದು ಆ ದಿನ ಅಲ್ಲಿಂದ ಬಂದ ಚಾಲಕರನ್ನು ಕೇಳಿ ತಿಳಿದುಕೊಳ್ಳಬೇಕು. ಕೆಂಪು ಎಚ್ಚರಿಕೆ ಇರುವ ದಿನ ಪ್ರಯಾಣವನ್ನು ಮುಂದೂಡಬೇಕು. ಹೋಗಲೇಬೇಕಾದರೆ ಗುಡ್ಡವನ್ನು ಕಡಿದು ರಸ್ತೆ ಮಾಡಿದ ಕಡೆ ಚಹಾಕ್ಕೂ ಫೋಟೋಕ್ಕೂ ಗಾಡಿ ನಿಲ್ಲಿಸಬಾರದು.