ಮಗಳು ಒಬ್ಬಳೇ ಮೈದಾನಕ್ಕೆ ಹೋಗ್ತೀನಿ ಅಂದಾಗ

ಹೀಗೆ ಅವಳು ಕೇಳಿದ ದಿನ ನನ್ನ ಕಣ್ಮುಂದೆ ಬಂದವರು ಮಕ್ಕಳ ಕಳ್ಳರು. ವಾಹನಗಳ ನೆನಪೇ ಆಗಲಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ. ಹಾಗಾಗಿ ತಯಾರಿ ರಸ್ತೆಯಿಂದಲೇ ಶುರು ಮಾಡಿ.

ಮೊದಲು ಆ ದಾರಿಯಲ್ಲಿ ನೀವು ನಡೆದು ನೋಡಿ. ನಡುನಡುವೆ ಮಗುವಿನ ಎತ್ತರಕ್ಕೆ ಬಗ್ಗಿ. ನಮಗೆ ಕಾಣುವ ತಿರುವು, ನಿಂತ ಕಾರಿನ ಹಿಂದೆ ಇರುವ ಮಗುವಿಗೆ ಕಾಣುವುದೇ ಇಲ್ಲ, ರಿವರ್ಸ್ ತೆಗೆಯುವ ಡ್ರೈವರಿಗೂ ಮಗು ಕಾಣುವುದಿಲ್ಲ. ದಾಟುವ ಜಾಗ ಯಾವುದು ಅಂತ ಅಲ್ಲೇ ನಿಂತು ಗೊತ್ತು ಮಾಡಿ. ಸ್ವಲ್ಪ ಸುತ್ತು ಬಳಸಿದರೂ ಪರವಾಗಿಲ್ಲ.

ಮುಂದಿನದಕ್ಕೆ ಜಾಸ್ತಿ ದಿನ ಬೇಕು. ಫುಟ್‌ಪಾತ್ ಮೇಲೆ ಮಗುವಿನ ಕೈ ಹಿಡಿದು ನಿಲ್ಲಿ. ದಾಟಬಹುದು ಅನ್ನಿಸಿದಾಗ "ಈಗ" ಅನ್ನಲು ಹೇಳಿ, ಆದರೆ ದಾಟಬೇಡಿ, ಆ ಗಾಡಿ ಎಷ್ಟು ಬೇಗ ಬಂತು ಅಂತ ಇಬ್ಬರೂ ಸುಮ್ನೆ ನೋಡಿ. ಗಂಟೆಗೆ 32 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನ ಹತ್ತಿರವಾಗುತ್ತಿರುವುದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಿಳಿಯದೇ ಹೋಗಬಹುದು ಎಂದು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಹೇಳಿತ್ತು. ಅಂದರೆ "ನೋಡ್ಕೊಂಡು ಹೋಗು" ಅನ್ನುವ ನಮ್ಮ ಮಾತು ಸಾಲದು, ಅಲ್ವಾ? ನನ್ನ ಮಗಳ "ಈಗ" ಮೊದಲ ವಾರವೆಲ್ಲ ತಪ್ಪೇ. ಅದು ಸರಿಯಾಗುವ ತನಕ ದೊಡ್ಡ ರಸ್ತೆಯನ್ನು ಒಬ್ಬಳೇ ದಾಟುವ ಮಾತಿಲ್ಲ ಅಂದುಬಿಟ್ಟೆ. ವಯಸ್ಸು ಎಷ್ಟಾಯಿತು ಅನ್ನುವುದಕ್ಕಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

ಆಮೇಲೆ ಮಗು ಮುಂದೆ, ನೀವು ಹತ್ತು ಹೆಜ್ಜೆ ಹಿಂದೆ. ಬಾಯಿ ಮುಚ್ಚಿಕೊಂಡಿರಿ (ಇದು ನನಗೆ ಆಗಲೇ ಇಲ್ಲ). ಕೆಲವು ದಿನ ಕಳೆದ ಮೇಲೆ ಮೈದಾನದಲ್ಲಿ ಕಾಯಿರಿ, ಮಗು ತಾನೇ ಬರಲಿ.

ಇನ್ನು ಜನರ ವಿಷಯ. "ಅಪರಿಚಿತರ ಹತ್ತಿರ ಮಾತಾಡಬೇಡ" ಅನ್ನುವ ಪಾಠದಲ್ಲಿ ಎರಡು ತೊಂದರೆ ಇದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುವವರಲ್ಲಿ ಹೆಚ್ಚಿನವರು ಗುರುತಿನವರೇ. ಮತ್ತೆ, ದಾರಿ ತಪ್ಪಿದ ಮಗು ಯಾರನ್ನಾದರೂ ಕೇಳಲೇಬೇಕಲ್ಲ? ಅದಕ್ಕೇ ಬೇರೆ ನಿಯಮ ಇಟ್ಟುಕೊಳ್ಳಿ: ಕರೆದವರು ಯಾರೇ ಆಗಿರಲಿ, ಮನೆಯಲ್ಲಿ ಕೇಳದೆ ಜಾಗ ಬದಲಿಸುವಂತಿಲ್ಲ. "ಅಮ್ಮನಿಗೆ ಹೇಳಬೇಡ" ಅಂದರೆ ಅದನ್ನೇ ಮೊದಲು ಬಂದು ಹೇಳಬೇಕು. ದಾರಿಯಲ್ಲಿ ಬಾಗಿಲು ತಟ್ಟಬಹುದಾದ ಒಂದೆರಡು ಮನೆ ತೋರಿಸಿ, ಆ ಮನೆಯವರಿಗೂ ಮೊದಲೇ ಹೇಳಿಡಿ.

ಫೋನ್ ನಂಬರ್ ಬಾಯಿಪಾಠ ಆಗಿರಲಿ. ವಾಪಸ್ ಬರುವ ಸಮಯ ಒಂದೇ ಇರಲಿ.

ತಡವಾಗಿ ಬಂದರೆ? ಬರುತ್ತಾರೆ, ಖಂಡಿತ. ಆಗ ತಿಂಗಳುಗಟ್ಟಲೆ ಮನೆಯಲ್ಲೇ ಕೂರಿಸಬೇಡಿ, ಮುಂದಿನ ಸಲ ಸುಳ್ಳು ಹೇಳುತ್ತಾರೆ ಅಷ್ಟೇ. ಎರಡು ದಿನ ಮತ್ತೆ ಹತ್ತು ಹೆಜ್ಜೆ ಹಿಂದೆ ನಡೆಯಿರಿ, ಮೂರನೇ ದಿನ ಒಬ್ಬರೇ ಹೋಗಲಿ.