ಬಿಸಿಲಿಗೆ ನೀರು, ಚಳಿಗೆ ಮೇವು: ವಿಜಯಪುರದಲ್ಲಿ ಕುದುರೆ ಸಾಕುವವರಿಗೆ

ನಮ್ಮ ಕಡೆ ಚಳಿ ಶುರುವಾದ ಕೂಡಲೇ ಕುದುರೆಗೆ ಕೌದಿ ಹೊದಿಸುವವರು ಬಹಳ. ಅದೇ ಕುದುರೆ ಏಪ್ರಿಲ್‌ನಲ್ಲಿ ಗೋಳಗುಮ್ಮಟದ ಮುಂದೆ ಟಾಂಗಾ ಹೊತ್ತುಕೊಂಡೇ ನಡುಮಧ್ಯಾಹ್ನ ನಿಂತಿರುತ್ತದೆ. ಕಾಳಜಿ ಉಲ್ಟಾ ಆಗಬೇಕು. ಕುದುರೆಯ ಮೈಗೆ ಸುಮಾರು 5ರಿಂದ 25 ಡಿಗ್ರಿ ಹವೆ ಹಿತ. ಡಿಸೆಂಬರ್‌ನ ನಮ್ಮ ಚಳಿಯನ್ನು ಅದು ಆರಾಮಾಗಿ ತಡೆಯುತ್ತದೆ, ಸೋಲುವುದು 40 ಡಿಗ್ರಿ ದಾಟುವ ಬೇಸಿಗೆಗೆ.

ಮೊದಲು ಕೆಲಸದ ಹೊತ್ತು ಬದಲಿಸಿ. ಬೆಳಗ್ಗೆ ಹತ್ತರೊಳಗೆ ಒಂದು ಪಾಳಿ, ಸಂಜೆ ಐದರ ಮೇಲೆ ಇನ್ನೊಂದು. ನಡುವೆ ಗಾಡಿಯಿಂದ ಬಿಚ್ಚಿ, ಹೊಟ್ಟೆಪಟ್ಟಿ ಸಡಿಲ ಮಾಡಿ, ಬೇವಿನ ಮರದ ಕೆಳಗೆ ಕಟ್ಟಿ, ನೆರಳು ಸರಿದಂತೆ ಕುದುರೆಯನ್ನೂ ಸರಿಸಿ. ಲಾಯಕ್ಕೆ ತಗಡಿನ ಮಾಡು ಇದ್ದರೆ ಅದರ ಮೇಲೆ ಕಬ್ಬಿನ ರವದಿಯನ್ನು ದಪ್ಪಗೆ ಹರಡಿ, ಆದರೆ ಗಾಳಿ ಆಡುವ ಕಿಟಕಿ ಮಾತ್ರ ಮುಚ್ಚಬೇಡಿ.

ಸುಮ್ನೆ ನಿಂತ ಕುದುರೆಗೂ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಬಿಸಿಲಲ್ಲಿ ದುಡಿದರೆ ಅದರ ದುಪ್ಪಟ್ಟು ಹೋಗಬಹುದು. ಬೆವರಿನ ಜತೆ ಉಪ್ಪೂ ಹೋಗುತ್ತದೆ, ಅದಕ್ಕೆ ದಿನಕ್ಕೆ 25-30 ಗ್ರಾಂ ಅಡುಗೆ ಉಪ್ಪನ್ನು ನೆನೆಸಿದ ಬೂಸಾದಲ್ಲಿ ಕಲಸಿ ಕೊಡಿ. ಜಾಸ್ತಿ ಬೆವರಿದ ದಿನ ಇದನ್ನು ದುಪ್ಪಟ್ಟು ಮಾಡಬಹುದು, ಆದರೆ ಪಕ್ಕದಲ್ಲಿ ಸಪ್ಪೆ ನೀರು ಇರಲೇಬೇಕು.

ಮೈ ಕಾದ ಕುದುರೆಗೆ ನೀರು ಕುಡಿಸಬಾರದು, ತಣ್ಣೀರು ಹಾಕಿದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಇದರಿಂದಲೇ ಎಷ್ಟೋ ಪ್ರಾಣಿಗಳು ಒದ್ದಾಡುತ್ತವೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೊದಲು ಪಶುವೈದ್ಯರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ, ತಣ್ಣೀರು ಸುರಿಯುವುದರಿಂದ ಅಪಾಯವಿಲ್ಲ, ಬೇಗ ತಂಪಾಗುತ್ತದೆ. ಕುಡಿಯಲೂ ಬಿಡಿ. ಕುತ್ತಿಗೆ, ಬೆನ್ನು, ತೊಡೆ ಎಲ್ಲಾ ಕಡೆ ಬಕೆಟ್ ಮೇಲೆ ಬಕೆಟ್ ಹಾಕುತ್ತಾ ಇರಿ, ನಿಲ್ಲಿಸಬೇಡಿ. ಒದ್ದೆ ಗೋಣಿತಟ್ಟು ಹೊದಿಸಿ ಬಿಟ್ಟರೆ ಮಾತ್ರ ತೊಂದರೆ, ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಮೈಶಾಖವನ್ನು ಒಳಗೇ ಹಿಡಿದಿಡುತ್ತದೆ.

ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ಮನುಷ್ಯರದ್ದೇ ಸಾಕು. ಗುದದಲ್ಲಿಟ್ಟು ನೋಡಿದಾಗ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ನೆರಳಲ್ಲಿ ಹದಿನೈದು-ಇಪ್ಪತ್ತು ನಿಮಿಷ ನಿಲ್ಲಿಸಿದರೂ ಏದುಸಿರು ಇಳಿಯದಿದ್ದರೆ, ಮೈ ಕಾದಿದ್ದರೂ ಬೆವರು ನಿಂತುಬಿಟ್ಟಿದ್ದರೆ, ಕಾಲು ತೂರಾಡಿದರೆ, ಜ್ವರ 40 ದಾಟಿದರೆ ಅದು ಬಿಸಿಲಿನ ಹೊಡೆತ. ನೀರು ಹಾಕುತ್ತಲೇ ಡಾಕ್ಟರಿಗೆ ಫೋನ್ ಮಾಡಿ.

ಇನ್ನು ಚಳಿ. ಗಟ್ಟಿಮುಟ್ಟಾದ, ಮೈತುಂಬ ಕೂದಲಿರುವ ಕುದುರೆಗೆ ಕೌದಿ ಬೇಡ. ಮುದಿ ಕುದುರೆ, ಬಡಕಲು ಕುದುರೆ, ಸಣ್ಣ ಮರಿ, ಕೂದಲು ಕತ್ತರಿಸಿದ ಕುದುರೆ, ಇವಕ್ಕೆ ರಾತ್ರಿ ಹೊದಿಸಿ, ಬಿಸಿಲೇರುವ ಮೊದಲೇ ತೆಗೆಯಿರಿ. ನಮ್ಮಲ್ಲಿ ಜನವರಿ ಮಧ್ಯಾಹ್ನವೂ ಸೆಕೆಯೇ, ಅಲ್ವಾ? ಮೈ ಒದ್ದೆಯಿದ್ದು ಗಾಳಿ ಬೀಸಿದರೆ ಮಾತ್ರ ಕುದುರೆಗೆ ನಿಜವಾಗಿ ಚಳಿಯಾಗುತ್ತದೆ. ಹಾಗಾಗಿ ಸಂಜೆ ಬೆವರಿ ಬಂದರೆ ಒಣ ತಟ್ಟಿನಿಂದ ಚೆನ್ನಾಗಿ ತಿಕ್ಕಿ, ಒಣಗಿಸಿಯೇ ಒಳಗೆ ಕಟ್ಟಿ. ಲಾಯದೊಳಗೆ ಬೆಂಕಿ ಹಾಕಬೇಡಿ, ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಕುದುರೆಯ ಮೈ ಬೆಚ್ಚಗಿಡುವುದು ಹೊಟ್ಟೆಯೊಳಗಿನ ಮೇವು. ನಾರಿನ ಮೇವು ನಿಧಾನವಾಗಿ ಕರಗುವಾಗ ಶಾಖ ಹುಟ್ಟುತ್ತದೆ, ಆದ್ದರಿಂದ ಚಳಿಗೆ ರಾತ್ರಿ ಒಣ ಹುಲ್ಲು ಒಂದಿಷ್ಟು ಜಾಸ್ತಿ ಹಾಕಿ. ಹುರುಳಿ, ಕಡಲೆಯನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆನೋವು ಬರುತ್ತದೆ, ಗೊರಸೂ ಕೆಡುತ್ತದೆ. ಜೋಳದ ಕಣಕಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಪೂರ್ತಿ ಒಣಗಿದ್ದನ್ನೇ ಸಣ್ಣಗೆ ಕತ್ತರಿಸಿ, ಹುಲ್ಲಿನ ಜತೆ ಹಾಕಿ. ಹಸಿ ಜೋಳದಲ್ಲಿ ಕುದುರೆ ಮೇಯಬಾರದು. ಮೇಯುತ್ತಾ ಹೋದರೆ ಮೂತ್ರಕೋಶ ಕೆಟ್ಟು ಹಿಂಗಾಲು ಸೋಲುತ್ತವೆ.

ಚಳಿಯಲ್ಲಿ ಕುದುರೆ ನೀರು ಕಡಿಮೆ ಕುಡಿಯುತ್ತದೆ, ಒಣ ಮೇವು ಜಾಸ್ತಿ ತಿನ್ನುತ್ತದೆ, ಆಗ ಕರುಳು ಕಟ್ಟಿಕೊಳ್ಳುವ ಭಯ. ಬೆಳಗಿನ ನೀರಿಗೆ ಸ್ವಲ್ಪ ಬಿಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡಿಟ್ಟರೆ ಹೆಚ್ಚು ಕುಡಿಯುತ್ತದೆ. ಲದ್ದಿ ದಿನಾ ನೋಡಿ. ಲದ್ದಿ ಗಟ್ಟಿಯಾಗಿ ಕಡಿಮೆ ಬೀಳುತ್ತಿದ್ದು, ಕುದುರೆ ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುತ್ತಾ, ನೆಲ ಕೆರೆಯುತ್ತಾ, ಹೊರಳಾಡುತ್ತಿದ್ದರೆ ಮೇವು ತೆಗೆದು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಬಾಟಲಿಯಲ್ಲಿ ಎಣ್ಣೆ ತುಂಬಿ ಬಾಯಿಗೆ ಸುರಿಯಬೇಡಿ, ಅದು ಶ್ವಾಸನಾಳಕ್ಕೆ ಇಳಿದರೆ ಕುದುರೆ ಉಳಿಯುವುದು ಕಷ್ಟ. ಎಣ್ಣೆ ಬೇಕಿದ್ದರೆ ಡಾಕ್ಟರೇ ಮೂಗಿನಿಂದ ನಳಿಕೆ ಹಾಕಿ ಕೊಡುತ್ತಾರೆ.