ಹೊಸಿಲ ಮುಂದೆ ಇಪ್ಪತ್ತು ಚುಕ್ಕಿ

ಎರಡು ವರ್ಷಗಳ ಹಿಂದೆ, ಧನುರ್ಮಾಸ ಶುರುವಾಗುವ ವಾರದಲ್ಲಿ, ನನ್ನ ಹೆಂಡತಿ ಮಗಳ ಎರಡನೆಯ ಬಾಣಂತನಕ್ಕೆಂದು ಧಾರವಾಡಕ್ಕೆ ಹೊರಟಳು. ಮೂರು ತಿಂಗಳ ಮಾತು. ಹೊರಡುವ ಮುನ್ನ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್, ತುಳಸಿಗೆ ನೀರು ಎಲ್ಲವನ್ನೂ ಒಪ್ಪಿಸಿದಳು. ರಂಗೋಲಿಯ ಮಾತು ಎತ್ತಲಿಲ್ಲ. ಅದು ನನ್ನಿಂದ ಆಗುವ ಕೆಲಸವೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಾಗಿಲು ತೆರೆದೆ. ಮೈಸೂರಿನ ನಮ್ಮ ಬೀದಿಯಲ್ಲಿ ಧನುರ್ಮಾಸವೆಂದರೆ ಪ್ರತಿ ಮನೆಯ ಮುಂದೆಯೂ ದೊಡ್ಡ ರಂಗೋಲಿ. ನಮ್ಮ ಬಾಗಿಲ ಮುಂದೆ ಮಾತ್ರ ಬರಿಯ ಸಿಮೆಂಟು. ಎದುರು ಮನೆಯ ಹಿರಿಯರು ಗೇಟಿನ ಬಳಿ ನಿಂತು, ತಗ್ಗಿದ ದನಿಯಲ್ಲಿ ಕೇಳಿದರು: ‘ಊರಿನ ಕಡೆ ಏನಾದರೂ ಸೂತಕವೇ?’ ಇಲ್ಲವೆಂದೆ. ಒಳಗೆ ಬಂದು ಕಾಫಿ ಕುಡಿಯಲು ಕುಳಿತರೆ ಆ ಪ್ರಶ್ನೆ ಬಿಡಲಿಲ್ಲ. ಲೋಟ ಕೆಳಗಿಟ್ಟು, ಮೂಲೆಯಲ್ಲಿದ್ದ ರಂಗೋಲಿಯ ಕರಟ ತೆಗೆದುಕೊಂಡು ಹೊರಗೆ ಹೋದೆ.

ಅದಕ್ಕೂ ಮೊದಲು ಚಿತ್ರಕಲೆಯೆಂದರೆ ನನಗೆ ಆಸೆಯಿತ್ತು, ದಾರಿ ಇರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಜಲವರ್ಣದ ಪೆಟ್ಟಿಗೆ, ದಪ್ಪ ಕಾಗದ, ಮೂರು ಕುಂಚ ಕೊಂಡು ತಂದಿದ್ದೆ. ಎರಡು ಹಾಳೆ ಮುಗಿಸಿ ನಿಲ್ಲಿಸಿದೆ. ಬಿಳಿ ಹಾಳೆಯ ಮುಂದೆ ಕುಳಿತಾಗಲೆಲ್ಲ ಏನು ಬರೆಯಬೇಕೆಂದೇ ತೋಚುತ್ತಿರಲಿಲ್ಲ. ಕಲ್ಪನೆ ಇರುವವರಿಗೆ ಮಾತ್ರ ಒಲಿಯುವ ವಿದ್ಯೆ ಇದು, ನಿವೃತ್ತಿಯಾದ ಮೇಲೆ ಪುರುಸೊತ್ತಿನಲ್ಲಿ ನೋಡೋಣ ಎಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದೆ. ನಾನು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವನು. ದಿನವಿಡೀ ಅಂಕಿಗಳ ಜೊತೆ ಇರುವ ಕೈಗೆ ಚುಕ್ಕಿಗಳೇ ಸರಿಯಾದ ಬಾಗಿಲೆಂದು ಆಗ ಗೊತ್ತಿರಲಿಲ್ಲ.

ಮೊದಲ ದಿನ ಹಾಕಿದ್ದು ರಂಗೋಲಿಯೆಂದು ಹೇಳಲಾರೆ. ಪುಡಿ ಬೆರಳಿನಿಂದ ಇಳಿಯಲೇ ಇಲ್ಲ, ಇಳಿದಾಗ ಗುಪ್ಪೆಯಾಗಿ ಬಿತ್ತು. ರಾತ್ರಿ ವಿಡಿಯೊ ಕರೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ಮೊಮ್ಮಗುವನ್ನು ಮಗಳ ಕೈಗೆ ಕೊಟ್ಟು, ಫೋನನ್ನು ಗೋಡೆಗೆ ಒರಗಿಸಿ, ಒಂದು ತಟ್ಟೆಯಲ್ಲಿ ರವೆ ಹಾಕಿಕೊಂಡು ಕುಳಿತಳು. ‘ರೀ, ಇಲ್ಲಿ ನೋಡಿ. ಪುಡಿಯನ್ನು ಹಿಂಡಬೇಡಿ. ಹೆಬ್ಬೆರಳು, ತೋರುಬೆರಳ ಮೇಲೆ ಸುಮ್ಮನೆ ಜಾರಲಿ. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳು ಹೋಗಲಿ. ಪುಡಿ ತಾನಾಗಿ ಇಳಿಯುತ್ತದೆ.’

ಇದೊಂದು ಮಾತನ್ನು ಕೈಗೆ ಇಳಿಸಿಕೊಳ್ಳಲು ನನಗೆ ಹನ್ನೊಂದು ದಿನ ಹಿಡಿಯಿತು. ಮಾಡಿ ನೋಡುವವರಿಗಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಪುಡಿ ತೀರ ನುಣುಪಾಗಿದ್ದರೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಮುಟ್ಟಿದರೆ ಸಣ್ಣ ರವೆಯಂತೆ ತರಿತರಿ ಇರಬೇಕು. ಬರಿಯ ಅಕ್ಕಿಹಿಟ್ಟು ಇರುವೆ, ಗುಬ್ಬಿಗಳಿಗೆ ಒಳ್ಳೆಯದು, ಆದರೆ ಕಲಿಯುವವರ ಬೆರಳಿಗೆ ಕಷ್ಟ, ಮುದ್ದೆಗಟ್ಟುತ್ತದೆ. ಕಲ್ಲಿನ ಪುಡಿಗೆ ಸ್ವಲ್ಪ ಅಕ್ಕಿಹಿಟ್ಟು ಬೆರೆಸಿದರೆ ಎರಡೂ ಒದಗುತ್ತವೆ. ನೆಲಕ್ಕೆ ನೀರು ಚಿಮುಕಿಸಿದ ಕೂಡಲೇ ಹಾಕಿದರೆ ಪುಡಿ ನೀರು ಕುಡಿದು ಗೆರೆ ಮಂಕಾಗುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿದರೆ ಗಾಳಿಗೆ ಹಾರುತ್ತದೆ. ನಡುವೆ ಒಂದು ಹೊತ್ತಿದೆ, ನೆಲದ ಹೊಳಪು ಹೋಗಿ ತೇವದ ಬಣ್ಣ ಮಾತ್ರ ಉಳಿಯುವ ಹೊತ್ತು. ಡಿಸೆಂಬರಿನ ಚಳಿಯಲ್ಲಿ ನಮ್ಮ ಅಂಗಳದಲ್ಲಿ ಅದು ಬರಲು ಒಂದು ಲೋಟ ಕಾಫಿ ಕುಡಿಯುವಷ್ಟು ಸಮಯ ಬೇಕು. ಈಗ ನಾನು ನೀರು ಚಿಮುಕಿಸಿಯೇ ಕಾಫಿಗೆ ಕೂರುತ್ತೇನೆ.

ಇನ್ನು ಚುಕ್ಕಿ. ಮೊದಲ ವಾರ ಅಳತೆಪಟ್ಟಿ ಹಿಡಿದು ಇಡುತ್ತಿದ್ದೆ. ಅದು ಬೇಡವೆಂದಳು. ‘ಎರಡು ಬೆರಳು ಊರಿ, ಪಕ್ಕದಲ್ಲಿ ಇಡಿ. ಮುಂದಿನ ಚುಕ್ಕಿಯನ್ನು ನೋಡಬೇಡಿ, ಸಾಲನ್ನು ನೋಡಿ.’ ಹಾಗೆ ಮಾಡಿದ ಮೇಲೆ ಸಾಲು ನೆಟ್ಟಗಾಯಿತು. ಇಪ್ಪತ್ತು ಚುಕ್ಕಿ ಇಡಲು ಈಗ ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ನಾನು ಬಹಳ ಇಷ್ಟಪಡುತ್ತೇನೆ. ಏನು ಬರೆಯಬೇಕೆಂಬ ಚಿಂತೆ ಅಲ್ಲಿಲ್ಲ. ಬಿಳಿ ಹಾಳೆ ನನ್ನನ್ನು ಕಂಗೆಡಿಸಿದಂತೆ ಈ ನೆಲ ಕಂಗೆಡಿಸುವುದಿಲ್ಲ, ಏಕೆಂದರೆ ಚುಕ್ಕಿ ಇಟ್ಟ ಕೂಡಲೇ ನೆಲವೇ ಒಂದು ಮಾತು ಶುರು ಮಾಡಿರುತ್ತದೆ.

ರಂಗೋಲಿಯಲ್ಲಿ ನೂರಾರು ಬಗೆ. ಚುಕ್ಕಿಗೆ ಚುಕ್ಕಿ ಸೇರಿಸಿ ಹೂವು, ಹಣತೆ, ನವಿಲು ಮಾಡುವುದು ಒಂದು. ಚುಕ್ಕಿಯನ್ನು ಮುಟ್ಟದೆ ಅದರ ಸುತ್ತ ಬಳಸಿಕೊಂಡು ಹೋಗಿ, ಹೊರಟಲ್ಲಿಗೇ ಬಂದು ಸೇರುವ ಎಳೆ ಇನ್ನೊಂದು. ನಮ್ಮ ಮನೆಯಲ್ಲಿ ಅದನ್ನು ಬಳ್ಳಿ ರಂಗೋಲಿ ಎನ್ನುತ್ತೇವೆ. ತಮಿಳಿನವರು ಸಿಕ್ಕು ಕೋಲಂ ಎನ್ನುತ್ತಾರೆ. ನನ್ನ ಮನಸ್ಸು ಹಿಡಿದದ್ದು ಈ ಎರಡನೆಯದು. ಗೆರೆ ಎರಡು ಚುಕ್ಕಿಗಳ ನಡುವೆ ಓರೆಯಾಗಿ ನುಸುಳಬೇಕು, ಅಂಚಿಗೆ ಬಂದಾಗ ಕೊನೆಯ ಚುಕ್ಕಿಯನ್ನು ಸುತ್ತಿ ಒಳಗೆ ತಿರುಗಬೇಕು, ಹೀಗೆ ಹೋಗುತ್ತಾ ತನ್ನ ಮೊದಲ ತುದಿಯನ್ನು ತಾನೇ ಕಂಡುಹಿಡಿಯಬೇಕು. ಬಾಯಿ ತೆರೆದ ಗೆರೆಯನ್ನು ಬಿಡಬಾರದು ಎಂಬುದು ನಮ್ಮಲ್ಲಿ ಹಿರಿಯರ ಕಟ್ಟುನಿಟ್ಟು.

ಒಂದು ಬುಧವಾರ 4 ಸಾಲು, ಸಾಲಿಗೆ 5 ಚುಕ್ಕಿ ಇಟ್ಟೆ. ಎಳೆ ಹಿಡಿದು ಹೊರಟೆ. ಅಂಚು ಮುಟ್ಟಿತು, ತಿರುಗಿತು, ಅಡ್ಡ ಹಾಯಿತು, ಮತ್ತೆ ತಿರುಗಿತು. ಎಲ್ಲೂ ನಿಲ್ಲದೆ ಇಪ್ಪತ್ತೂ ಚುಕ್ಕಿಗಳನ್ನು ಸುತ್ತಿಕೊಂಡು ಹೊರಟಲ್ಲಿಗೇ ಬಂದು ಸೇರಿತು. ಒಂದೇ ಎಳೆ. ಸೇರುವ ಕೊನೆಯ ಗೇಣು ಉದ್ದದಲ್ಲಿ ನನ್ನ ಉಸಿರು ನಿಂತಿತ್ತು. ಆ ಬೆಳಗಿನ ಸಂತೋಷ ಎಂಥದ್ದೆಂದರೆ, ಕಚೇರಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಮೊಣಕಾಲಿನ ಮೇಲೆ ಬೆರಳಿನಿಂದ ಅದನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೆ.

ಮಾರನೆಯ ದಿನ ಚಂದ ಕಾಣಲೆಂದು 4 ಸಾಲು, 4 ಚುಕ್ಕಿ ಇಟ್ಟೆ. ಎಳೆ ಕೆಲವೇ ಚುಕ್ಕಿಗಳನ್ನು ಸುತ್ತಿ ಬೇಗನೆ ಮುಗಿದುಹೋಯಿತು. ಮತ್ತೊಂದು ಎಳೆ ಶುರು ಮಾಡಬೇಕಾಯಿತು, ಮತ್ತೊಂದು, ಮತ್ತೂ ಒಂದು. ಒಟ್ಟು ನಾಲ್ಕು. ಎಲ್ಲಿ ತಪ್ಪಿದೆನೆಂದು ತಿಳಿಯದೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಗ್ರಾಫ್ ಹಾಳೆ ತೆಗೆದುಕೊಂಡು ಕುಳಿತೆ. 4ಕ್ಕೆ 6 ಇಟ್ಟರೆ ಎರಡು ಎಳೆ. 3ಕ್ಕೆ 5 ಇಟ್ಟರೆ ಒಂದು. 6ಕ್ಕೆ 9 ಇಟ್ಟರೆ ಮೂರು. 5ಕ್ಕೆ 5 ಇಟ್ಟರೆ ಐದು. ಹಾಳೆಯ ಅಂಚಿನಲ್ಲಿ ಬರೆದುಕೊಂಡ ಈ ಅಂಕಿಗಳನ್ನು ನೋಡುತ್ತಿದ್ದಂತೆ ಶಾಲೆಯ ಗಣಿತ ನೆನಪಿಗೆ ಬಂತು. ಮ.ಸಾ.ಅ. ಮಹತ್ತಮ ಸಾಮಾನ್ಯ ಅಪವರ್ತನ. ಸಾಲಿನ ಸಂಖ್ಯೆ, ಸಾಲಿಗಿರುವ ಚುಕ್ಕಿಯ ಸಂಖ್ಯೆ ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ ಎಷ್ಟೋ ಅಷ್ಟು ಎಳೆಗಳು. ಏಳನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಲೆಕ್ಕ ನನ್ನ ಮನೆಯ ಬಾಗಿಲಲ್ಲಿ ಬಿಳಿ ಗೆರೆಯಾಗಿ ಬಿದ್ದಿತ್ತು.

ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಇದನ್ನು ಬಲ್ಲವರು ದೂರದಲ್ಲೂ ಇದ್ದಾರೆ. ಆಫ್ರಿಕಾದ ಅಂಗೋಲದ ಚೋಕ್ವೆ ಜನರಲ್ಲಿ ಮರಳಿನ ಮೇಲೆ ಬರೆಯುವ ಸೋನಾ ಎಂಬ ಚಿತ್ರಗಳಿವೆ. ಬೆರಳ ತುದಿಯಿಂದ ಮೊದಲು ಚುಕ್ಕಿ, ಆಮೇಲೆ ಅವುಗಳ ಸುತ್ತ ಬೆರಳೆತ್ತದೆ ಎಳೆಯುವ ಗೆರೆ. ಅಲ್ಲಿ ಬರೆಯುವವರು ಗಂಡಸರು, ಬರೆಯುತ್ತಾ ಕಥೆ ಹೇಳುತ್ತಾರೆ. ಮೊಜಾಂಬಿಕ್‌ನ ಗಣಿತಜ್ಞ ಪೌಲುಸ್ ಗೆರ್ಡೆಸ್ ಅವುಗಳ ಗಣಿತವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು, ಈ ಮ.ಸಾ.ಅ. ನಿಯಮ ಅಲ್ಲೂ ಹಾಗೆಯೇ ಇದೆ. ನಮ್ಮ ಪಕ್ಕದಲ್ಲೇ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಕೋಲಂ ಚಿತ್ರಗಳನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣವಾಗಿ, ಅಂದರೆ ಚಿತ್ರವನ್ನು ಹಂತಹಂತವಾಗಿ ಕಟ್ಟುವ ನಿಯಮಗಳಾಗಿ, ಬಿಡಿಸಿ ನೋಡಿದ್ದರು. ಇವೆಲ್ಲ ಓದಿ ನನಗೆ ಧೈರ್ಯ ಬಂತು. ಬೆಳಗ್ಗೆ ಗೇಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಾಗ ದಾರಿಹೋಕರು ತಿರುಗಿ ನೋಡುತ್ತಿದ್ದುದು ಆ ದಿನದಿಂದ ನನ್ನನ್ನು ತಟ್ಟಲಿಲ್ಲ.

ಆದರೆ ನನಗೆ ಚೌಕ ಬೇಕಿತ್ತು. 4ಕ್ಕೆ 4ರ ಅಂದ 4ಕ್ಕೆ 5ರಲ್ಲಿ ಇಲ್ಲ. ಚೌಕದಲ್ಲೇ ಒಂದೇ ಎಳೆ ಬರುವುದು ಹೇಗೆಂದು ವಾರಗಟ್ಟಲೆ ತಲೆಗೆ ಹಚ್ಚಿಕೊಂಡೆ. ಉತ್ತರ ಸಿಕ್ಕಿದ್ದು ಕೈತಪ್ಪಿನಿಂದ. ಒಂದು ಬೆಳಗ್ಗೆ ಎರಡು ಎಳೆಗಳು ಒಂದನ್ನೊಂದು ದಾಟಬೇಕಾದ ಕಡೆ, ಪಕ್ಕದ ಮನೆಯ ಸ್ಕೂಟರಿನ ಸದ್ದಿಗೆ ಕೈ ಹೊರಳಿ, ಗೆರೆ ದಾಟದೆ ಹಾಗೆಯೇ ಬಾಗಿ ಮುಂದಿನ ಚುಕ್ಕಿಯ ಕಡೆಗೆ ಹೊರಟಿತು. ಅಳಿಸಬೇಕೆಂದುಕೊಂಡೆ, ಅಳಿಸಲಿಲ್ಲ. ಎದುರು ಬದಿಯ ಎಳೆಯನ್ನೂ ಹಾಗೆಯೇ ಬಾಗಿಸಿದೆ. ಈಗ ಅಲ್ಲಿ ಎರಡು ಚುಕ್ಕಿಗಳು ಒಂದೇ ಮನೆಯೊಳಗೆ ಕುಳಿತಿದ್ದವು. ಎಳೆ ಎಣಿಸಿದೆ. ನಾಲ್ಕಿದ್ದದ್ದು ಮೂರಾಗಿತ್ತು. ಬೇರೆ ಬೇರೆ ಎರಡು ಎಳೆಗಳು ಕೂಡುವ ಜಾಗದಲ್ಲಿ ದಾಟಿಸುವ ಬದಲು ಬಾಗಿಸಿದರೆ ಎರಡೂ ಬೆಸೆದು ಒಂದಾಗುತ್ತವೆ. ಇನ್ನೆರಡು ಕಡೆ ಹಾಗೆ ಮಾಡಿದರೆ ಚೌಕ ಪೂರ್ತಿ ಒಂದೇ ಎಳೆ.

ಯಾವ ಮೂರು ಜಾಗ ಎಂಬುದು ನನ್ನ ಆಯ್ಕೆ. ಅಲ್ಲಿಂದ ಮುಂದೆ ಪ್ರತಿದಿನದ ರಂಗೋಲಿ ನನ್ನದಾಯಿತು. ಅಂಚಿನಲ್ಲಿ ಬಾಗಿಸಿದರೆ ಒಂದು ರೂಪ, ನಡುವಿನಲ್ಲಿ ಬಾಗಿಸಿದರೆ ಇನ್ನೊಂದು. ಮೂರೇ ಕಡೆ ತಿದ್ದಿದರೆ ಸಮತೂಕ ತಪ್ಪುತ್ತದೆ, ಒಂದು ಬದಿ ಭಾರವಾಗಿ ಕಾಣುತ್ತದೆ. ಕೆಲವು ದಿನ ಆ ಓರೆಯೇ ಚೆಂದ, ಕೆಲವು ದಿನ ಸಹಿಸಲಾಗುವುದಿಲ್ಲ. ಹದಿನಾರು ಚುಕ್ಕಿಗಳ ಇಕ್ಕಟ್ಟಿನಲ್ಲಿ ಇಷ್ಟು ಜಾಗ ಇರುತ್ತದೆಂದು ನಾನು ಎಣಿಸಿರಲಿಲ್ಲ. ನನ್ನಂಥವನಿಗೆ ಕಲ್ಪನೆ ಬಂದದ್ದು ಕಟ್ಟಿನಿಂದಲೇ. ಏನು ಬೇಕಾದರೂ ಬರೆ ಎಂದಾಗ ಕೈ ಕಟ್ಟಿತ್ತು, ಇಷ್ಟರಲ್ಲೇ ಬರೆ ಎಂದಾಗ ಬಿಚ್ಚಿತು. ಚಿತ್ರ ಬರೆಯುವ ಆಸೆ ಇಟ್ಟುಕೊಂಡು ಹೊತ್ತಿಗಾಗಿ ಕಾಯುತ್ತಿರುವವರು ಯಾರಾದರೂ ನನ್ನನ್ನು ಕೇಳಿದರೆ, 3 ಸಾಲು 4 ಚುಕ್ಕಿ ಇಟ್ಟು ನೋಡಿ ಎನ್ನುತ್ತೇನೆ. ಅಂಗಳ ಇಲ್ಲದಿದ್ದರೆ ಮೇಜಿನ ಮೇಲೆ ಹಾಳೆ, ಪೆನ್ಸಿಲ್ ಸಾಕು.

ಮಾರ್ಚಿನಲ್ಲಿ ಹೆಂಡತಿ ವಾಪಸು ಬಂದಳು. ಆಟೋದಿಂದ ಇಳಿದವಳು ಒಳಗೆ ಬರದೆ ಗೇಟಿನ ಬಳಿಯೇ ನಿಂತು ನೋಡಿದಳು. ‘ತಿರುವುಗಳು ದುಂಡಗೆ ಬಂದಿವೆ’ ಎಂದಳು. ಚೀಲ ಕೆಳಗಿಡುವ ಮೊದಲೇ ನಾನು ಮ.ಸಾ.ಅ., ಬಾಗಿಸುವ ಜಾಗ, ಬೆಸೆಯುವ ಎಳೆ ಎಲ್ಲವನ್ನೂ ಹೇಳಿ ಮುಗಿಸಿದೆ. ಗಮನವಿಟ್ಟು ಕೇಳಿದಳು. ಊಟವಾದ ಮೇಲೆ ಬೀರುವಿನಿಂದ ತನ್ನ ತಾಯಿಯ ಹಳೆಯ ಡೈರಿಯೊಂದನ್ನು ತಂದು ನನ್ನ ಮುಂದಿಟ್ಟಳು. ರಟ್ಟು ಬಿಟ್ಟುಹೋಗಿತ್ತು. ಪುಟದ ತುಂಬ ಪೆನ್ಸಿಲ್ ಚುಕ್ಕಿ, ಅವುಗಳ ಸುತ್ತ ನೀಲಿ ಶಾಯಿಯ ಎಳೆ. ಕಿತ್ತುಹೋದ ಕೆಲವು ಪುಟಗಳನ್ನು ಅನ್ನದ ಅಗುಳಿನಿಂದ ಅಂಟಿಸಿದ್ದರು.

ಅದನ್ನು ಹಿಂದೆಯೂ ನೋಡಿದ್ದೆ, ಓದಲು ಬಂದಿರಲಿಲ್ಲ. ಆ ರಾತ್ರಿ ಪುಟ ಪುಟವಾಗಿ ಓದಿದೆ. ಚೌಕದ ರಂಗೋಲಿಗಳಲ್ಲೆಲ್ಲ ನಾನು ಕಂಡುಕೊಂಡೆನೆಂದು ಬೀಗಿದ ತಿರುವು ಇತ್ತು. ಎರಡು ಚುಕ್ಕಿಗಳನ್ನು ಒಂದೇ ಮನೆಯೊಳಗೆ ಕೂಡಿಸಿದ ಜಾಗಗಳನ್ನು ಅತ್ತೆಯವರು ಸಣ್ಣ ಗುಣಾಕಾರ ಚಿಹ್ನೆ ಹಾಕಿ ಗುರುತು ಮಾಡಿದ್ದರು. 7ಕ್ಕೆ 7ರ ಒಂದು ರಂಗೋಲಿಯಲ್ಲಿ ಅಂಥ ಆರು ಗುರುತುಗಳು. ಏಳು ಎಳೆ ಒಂದಾಗಲು ಕಡಿಮೆಯೆಂದರೆ ಆರು ಬೆಸುಗೆ ಬೇಕು. ಲೆಕ್ಕ ಸರಿಯಾಗಿತ್ತು. ಅತ್ತೆಯವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ನಮ್ಮ ಮದುವೆಯಾದ ಮೇಲೆ ಹದಿನೆಂಟು ವರ್ಷ ಬದುಕಿದ್ದರು, ಒಂದು ದಿನವೂ ನಾನು ಅವರ ರಂಗೋಲಿಯ ಮುಂದೆ ನಿಂತು ನೋಡಿರಲಿಲ್ಲ, ದಾಟಿಕೊಂಡು ಹೋಗಿದ್ದೆ. ಅದು ನನ್ನನ್ನು ಈಗಲೂ ನೋಯಿಸುತ್ತದೆ.

ಆ ಗುರುತಿಗೆ ಏನೆನ್ನುತ್ತಿದ್ದರು ಎಂದು ಹೆಂಡತಿಯನ್ನು ಕೇಳಿದೆ. ‘ಹೆಸರೇನೂ ಇಲ್ಲ. ಅಲ್ಲಿ ಬಂದಾಗ ಅಮ್ಮ ನನ್ನ ಕೈ ಹಿಡಿದು ತಿರುಗಿಸುತ್ತಿದ್ದಳು, ಅಷ್ಟೇ’ ಎಂದಳು.

ಈಗ ಮಂಗಳವಾರ, ಶುಕ್ರವಾರ, ಹಬ್ಬದ ದಿನಗಳು ಅವಳವು. ಉಳಿದ ದಿನಗಳು ನನ್ನವು. ಅವಳು ಹೆಬ್ಬೆರಳು, ಎರಡು ಬೆರಳುಗಳ ನಡುವಿನಿಂದ ಒಮ್ಮೆಲೇ ಜೋಡಿ ಎಳೆ ಇಳಿಸುತ್ತಾಳೆ, ಅದು ನನಗಿನ್ನೂ ಬಂದಿಲ್ಲ. ಡೈರಿಯನ್ನು ಮೊದಲ ಪುಟದಿಂದ ನೆಲಕ್ಕೆ ಇಳಿಸುತ್ತಾ ಬಂದಿದ್ದೇನೆ, ಮೂವತ್ತೆರಡು ಪುಟ ಆಗಿವೆ. ನಾಳೆಯದು 9ಕ್ಕೆ 9. ಎಂಬತ್ತೊಂದು ಚುಕ್ಕಿ, ಅಂಚಿನಲ್ಲಿ ಪುಟ ಹರಿದಿರುವುದರಿಂದ ಏಳು ಗುರುತು ಮಾತ್ರ ಕಾಣುತ್ತವೆ. ಎಂಟನೆಯದು ಎಲ್ಲಿತ್ತೆಂದು ಗ್ರಾಫ್ ಹಾಳೆಯಲ್ಲಿ ಎರಡು ಕಡೆ ಹಾಕಿ ನೋಡಿದೆ, ಎರಡೂ ಸರಿಹೊಂದುತ್ತವೆ. ಹೆಂಡತಿ ಎಡಗಡೆಯದು ಎನ್ನುತ್ತಾಳೆ. ಐದೂವರೆಗೆ ನೀರು ಚಿಮುಕಿಸಬೇಕು.